ಸಾಂಬಾರಿನ ಬೆಲ್ಲ ಬೆಲ್ಲವಲ್ಲ

ಸುಳ್ಳು ಹೇಳುವುದು ನನ್ನ ಜಾಯಮಾನದಲ್ಲಿಲ್ಲ, ಅದರಲ್ಲೂ ತಿನ್ನುವ ವಿಷಯದಲ್ಲಿ. ತಿಂದದ್ದನ್ನು ತಿಂದೆ ಎಂದೇ ಹೇಳುವವನು ನಾನು. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಕಳೆದ ವರ್ಷ ನಮ್ಮ ಡಾಕ್ಟರು ನನ್ನನ್ನು ಕಳ್ಳನೆಂದು ತೀರ್ಮಾನಿಸಿದರು. ಬಾಯಿಬಿಟ್ಟು ಹೇಳಲಿಲ್ಲ, ರಿಪೋರ್ಟನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ನಕ್ಕರು. ಬೈದಿದ್ದರೆ ವಾಸಿಯಿತ್ತು.

ಅದಕ್ಕೆ ಮೂರು ತಿಂಗಳ ಹಿಂದೆ ಅವರೇ, "ಸಾರ್, ಸ್ವೀಟ್ ಸುತ್ತಮಾ ನಿಲ್ಲಿಸಿಬಿಡಿ" ಎಂದಿದ್ದರು. ಅವರು ತಮಿಳರು, ಸುತ್ತಮಾ ಎಂದರೆ ಪೂರ್ತಿಯಾಗಿ. ನಾನು ಪೂರ್ತಿಯಾಗಿಯೇ ನಿಲ್ಲಿಸಿದೆ. ಕಾಫಿಗೆ ಸಕ್ಕರೆ ಬಿಟ್ಟೆ, ಅನ್ನವನ್ನು ಒಂದು ಸೌಟಿಗೆ ಇಳಿಸಿದೆ, ಬೆಳಿಗ್ಗೆ ತಾಂಬರಂ ಸ್ಟೇಷನ್ನಿನ ಮೇಲ್ಸೇತುವೆಯನ್ನು ನಾಲ್ಕು ಸಲ ಹತ್ತಿ ಇಳಿದೆ. ಟಿಕೆಟ್ ಪರೀಕ್ಷಕರಿಗೆ ನನ್ನ ಮೇಲೆ ಅನುಮಾನ ಬಂತೇ ಹೊರತು ಶುಗರ್ ಇಳಿಯಲಿಲ್ಲ, ಬದಲಿಗೆ ಏರಿತ್ತು. "ಹೀಗೇ ಹೋದರೆ ಕಣ್ಣಿಗೆ ಬರುತ್ತೆ" ಎಂದರು ಡಾಕ್ಟರು. ಬರಲಿ, ಆದರೆ ನಾನು ಕದ್ದು ತಿಂದಿಲ್ಲ ಎಂದು ಎದ್ದು ಬಂದೆ. ಯಂತ್ರದ ಮಾತು ನಂಬುತ್ತೀರಿ, ಮನುಷ್ಯನ ಮಾತು ನಂಬುವುದಿಲ್ಲ ಎಂದು ಮೆಟ್ಟಿಲು ಇಳಿಯುತ್ತಾ ಹೇಳಿದೆ. ಅವರಿಗೆ ಕೇಳಿಸಿರಲಾರದು.

ನಾನು ಹೋಟೆಲಿನವನು. ಕುಂದಾಪುರದ ಕಡೆಯಿಂದ ಬಂದು ತಾಂಬರಂನಲ್ಲಿ ಇಡ್ಲಿ ಬೇಯಿಸುತ್ತಾ ಮೂವತ್ತು ವರ್ಷವಾಯಿತು. ನಮ್ಮಲ್ಲಿ ಒಂದು ಪದ್ಧತಿ: ಯಾವ ಪಾತ್ರೆ ಒಲೆಯಿಂದ ಇಳಿದರೂ ಮೊದಲು ಯಜಮಾನನ ಅಂಗೈಗೆ ಬರಬೇಕು. ಅವನು ನೆಕ್ಕಿ ತಲೆಯಾಡಿಸಿದ ಮೇಲೆಯೇ ಗಿರಾಕಿಯ ಎಲೆಗೆ. ಸೌಟಿಗೆ ಬಾಯಿ ತಾಗಿಸುವ ಹಾಗಿಲ್ಲ, ಉಗಿಯುವ ಮಾತಂತೂ ಇಲ್ಲವೇ ಇಲ್ಲ, ಅನ್ನವಲ್ಲವೇ? ಅಂಗೈ ನೆಕ್ಕುವ ಆ ಅಧಿಕಾರವೊಂದು ಹೋದರೆ ನಾನು ಗಲ್ಲಾದ ಹಿಂದೆ ಕೂತ ಗೊಂಬೆ ಅಷ್ಟೇ.

ನನ್ನ ಹೆಂಡತಿ ಲಲಿತೆಗೆ ನನ್ನ ಮೇಲೆ ಡಾಕ್ಟರಿಗಿಂತ ಹೆಚ್ಚು ನಂಬಿಕೆಯಿತ್ತು. ಅದೇ ಮುಳುವಾಯಿತು. "ಇವ್ರ್ ಕದ್ದ್ ತಿಂಬವ್ರ್ ಅಲ್ಲ, ಹಂಗಾರೆ ಈ ಶುಗರ್ ಎಲ್ಲಿಂದ ಬತ್ತ್?" ಎಂದು ಒಂದು ಬೆಳಿಗ್ಗೆ ಸ್ಟೀಲಿನ ಚೊಂಬು ಹಿಡಿದು ಹೋಟೆಲಿಗೇ ಬಂದಳು. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು, ನನ್ನ ಅಂಗೈಗೆ ಬಿದ್ದಷ್ಟನ್ನೇ ಅಳತೆಯಾಗಿ ಚೊಂಬಿಗೂ ಹಾಕಿಸಿಕೊಂಡಳು. ಸಾಂಬಾರು, ಕೇಸರಿಬಾತು, ಸಾಂಬಾರು ಮತ್ತೊಮ್ಮೆ (ಉಪ್ಪು ಸಂಶಯ), ಅನಾನಸ್ ಗೊಜ್ಜು, ಪಾಯಸ, ಎರಡನೆಯ ಹಂಡೆ ಸಾಂಬಾರು. ಹನ್ನೊಂದು ಗಂಟೆಗೆ ಚೊಂಬು ತುಂಬಿ ತುಳುಕಿತು. ಅದನ್ನು ತಂದು ಗಲ್ಲಾದ ಮೇಲೆ ಕುಕ್ಕಿದಳು.

"ಇಲ್ ಕಾಣಿ, ಬೆಳಿಗ್ಗಿಂದ ನಿಮ್ಮ ಹೊಟ್ಟಿಗ್ ಹೋದ್ದ್ ಇಷ್ಟ್. ಇದ್ ರುಚಿ ಕಂಡದ್ದಾ, ಉಂಡದ್ದಾ? ನೀವೇ ಹೇಳಿ."

ನಾನು ಬಗ್ಗಲಿಲ್ಲ. ರುಚಿ ನೋಡುವುದು ತಿನ್ನುವುದಲ್ಲ, ಅದು ಉದ್ಯೋಗ ಎಂದೆ. ಮೇಲಾಗಿ ಸಾಂಬಾರು ಖಾರದ ಪದಾರ್ಥ. ಅದರೊಳಗೆ ಹೋದ ಬೆಲ್ಲ ಬೆಲ್ಲವಾಗಿ ಉಳಿಯುವುದಿಲ್ಲ ಎಂದು ನಾನು ಹುಟ್ಟಿದಾಗಿನಿಂದ ನಂಬಿದ್ದೇನೆ. ಹಂಡೆಗೆ ಎರಡು ಅಚ್ಚು ಬೆಲ್ಲ ಬಿದ್ದರೇ ಅದು ಸಾಂಬಾರು. ಲಲಿತೆ ಚೊಂಬು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅಪ್ಪಣೆ ಮಾಡಿದಳು. ಮರುದಿನದಿಂದ ಅಂಗೈ ಅಧಿಕಾರ ಮಗಳು ಸುಮಳ ಪಾಲಾಯಿತು. ಸುಮ ಓದಿ ಮುಗಿಸಿ ಹೋಟೆಲಿನ ಉಸ್ತುವಾರಿಗೆ ನಿಂತವಳು. ಕನ್ನಡ ಎಲ್ಲಾ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಮೊದಲ ದಿನವೇ ಬೆಲ್ಲದ ಡಬ್ಬಿ ಮುಚ್ಚಿಟ್ಟು, ಬೆಲ್ಲ ಯಾಕೆ ಬೇಕು ಎಂದು ನನ್ನನ್ನೇ ಕೇಳಿದಳು, "ವೆಲ್ಲಂ ಎದುಕ್ಕುಪ್ಪಾ? ಇದು ಸಾಂಬಾರಾ, ಪಾಯಸಮಾ?"

ನನಗೆ ರೇಗಿಹೋಯಿತು. ನಾನಿಲ್ಲದೆ ಹೋಟೆಲು ಹೇಗೆ ನಡೆಯುತ್ತದೋ ನೋಡೋಣ ಎಂದು ಮೂರು ದಿನ ಮನೆಯಲ್ಲಿ ಕೂತೆ. ನಡೆಯಿತು. ಅದು ಬಹಳ ನೋವಿನ ವಿಷಯ. ನಾಲ್ಕನೆಯ ದಿನ ಯಾರೂ ಕರೆಯದೆಯೇ ಗಲ್ಲಾಕ್ಕೆ ಮರಳಿ, ಬೆಲ್ಲವಿಲ್ಲದ ಸಾಂಬಾರಿಗೆ ಗಿರಾಕಿಗಳು ತಿರುಗಿಬೀಳುವ ಗಳಿಗೆಗಾಗಿ ಕಾಯತೊಡಗಿದೆ. ಮೂರು ತಿಂಗಳು ಕಾದರೂ ಒಬ್ಬನೂ ತಿರುಗಿಬೀಳಲಿಲ್ಲ. ಈ ನಡುವೆ ನನ್ನ ಶುಗರ್ ಇಳಿಯಿತು. ಡಾಕ್ಟರು ಬೆನ್ನು ತಟ್ಟಿ, "ಕೊನೆಗೂ ಕದಿಯೋದು ಬಿಟ್ರಿ" ಎಂದರು. ಆ ಅವಮಾನವನ್ನು ನಾನು ಈಗಲೂ ಕ್ಷಮಿಸಿಲ್ಲ.

ನನ್ನ ಕೊನೆಯ ಆಸೆ ರಾಮಲಿಂಗಂ. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು, ಇಪ್ಪತ್ತು ವರ್ಷದಿಂದ ದಿನವೂ ಎರಡು ಇಡ್ಲಿಗೆ ಮೂರು ಬಟ್ಟಲು ಸಾಂಬಾರು ಸುರಿದುಕೊಂಡು ಕುಡಿಯುವವರು. ಈ ನಾಲಗೆಗಾದರೂ ಬೆಲ್ಲ ಹೋದದ್ದು ಗೊತ್ತಾಗಲೇಬೇಕು. ಮೊನ್ನೆ ಅವರು ಕೈ ತೊಳೆದು ನೇರವಾಗಿ ಗಲ್ಲಾದ ಬಳಿ ಬಂದರು. ನಾನು ಸುಮಳನ್ನು ಕೂಗಿ ಕರೆದು ಪಕ್ಕದಲ್ಲೇ ನಿಲ್ಲಿಸಿಕೊಂಡೆ, ಕಿವಿಯಾರೆ ಕೇಳಲಿ ಎಂದು.

"ಸಾರ್, ಶುಗರ್ ಕೊರಂಜಿಡುಚ್ಚು!" ಎಂದರು ಅವರು. ಇಪ್ಪತ್ತು ವರ್ಷದಿಂದ ಇಳಿಯದ ಶುಗರ್ ಇಳಿದುಬಿಟ್ಟಿದೆಯಂತೆ. ಅದೇ ಮಾತ್ರೆ, ಅದೇ ನಡಿಗೆ. ಸಿಹಿ ಮುಟ್ಟಿಲ್ಲ ಎಂದರೆ ಇಷ್ಟು ವರ್ಷ ಮನೆಯಲ್ಲಿ ಹೆಂಡತಿ, ಮಕ್ಕಳು ಯಾರೂ ನಂಬುತ್ತಿರಲಿಲ್ಲವಂತೆ. ಕದ್ದು ತಿನ್ನುತ್ತೀರಿ ಎಂದು ಅವರ ಡಾಕ್ಟರೂ ನಗುತ್ತಿದ್ದರಂತೆ. ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. "ಹೇಗೆ ಇಳಿಯಿತೋ ನನಗೇ ಗೊತ್ತಿಲ್ಲ ಸಾರ್. ನಿಮಗೇನಾದರೂ ತೋಚುತ್ತದೆಯೇ?"

ಸುಮ ನನ್ನ ಮುಖವನ್ನೇ ನೋಡುತ್ತಿದ್ದಳು. ತಿನ್ನುವ ವಿಷಯದಲ್ಲಿ ಎಂದೂ ಸುಳ್ಳು ಹೇಳದ ನಾನು ಚಿಲ್ಲರೆ ಡಬ್ಬಿಯೊಳಗೆ ಏನನ್ನೋ ಹುಡುಕುತ್ತಾ, "ನಡಿಗೆ ಸಾರ್, ಎಲ್ಲಾ ಆ ನಡಿಗೆಯಿಂದ" ಎಂದೆ.