ಒಂದು ನಿಮಿಷಕ್ಕೆ ಕಪ್ಪಾಗುವ ಪರದೆ

“ಏಳನೇ ಕ್ಲಾಸ್ ಕಲ್ತಾಕಿ ಕಂಪ್ಯೂಟರ್ ಅಂಗಡಿ ನಡಸ್ತಾಳಂತ! ಮೊದ್ಲು ಮನ್ಯಾಗ ಮಿಕ್ಸರ್ ನಡಸ್ಲಿ” ಎಂದವರು ನಮ್ಮ ಭಾವನವರು, ಸುರಪುರದ ಬಟ್ಟೆ ವ್ಯಾಪಾರಿ. ಆಗ ನಮ್ಮ ಮನೆಯಲ್ಲಿ ಮಿಕ್ಸರ್ ಇರಲೇ ಇಲ್ಲ. ಹಾಗಾಗಿ ನೇರವಾಗಿ ಕಂಪ್ಯೂಟರಿಗೇ ಕೈ ಹಾಕಿದೆ. ಶಹಾಪುರದಲ್ಲಿ ಬಾಡಿಗೆ ಮಳಿಗೆ, ನಾಲ್ಕು ಹಳೆಯ ಯಂತ್ರ. ಜನ ಬಂದು ಕೂಡುವ ಜಾಗದಲ್ಲಿ ನಗು ತಪ್ಪಿದ್ದಲ್ಲ. ಒಂದು ವಾರವೂ ಸುಮ್ಮನೆ ಹೋದದ್ದು ನೆನಪಿಲ್ಲ.

ನಗಲಾರದ ಸಂಗತಿ ಒಂದೇ ಇತ್ತು: ಬ್ಯಾಟರಿ. ನಾಲ್ಕು ಯಂತ್ರಕ್ಕೂ ಸೇರಿ ಒಂದು ಮುದಿ ಬ್ಯಾಟರಿ. ಕರೆಂಟ್ ಹೋದಾಗ ಅದೂ ಕೈಕೊಟ್ಟರೆ ಗಿರಾಕಿ ಎದ್ದು ಬಸ್ ಸ್ಟ್ಯಾಂಡ್ ಹತ್ತಿರದ ದೊಡ್ಡ ಅಂಗಡಿಗೆ ಹೋಗುತ್ತಿದ್ದ. ಹೋದವನು ತಿರುಗಿ ಬರುತ್ತಿರಲಿಲ್ಲ. ಹೀಗೇ ನಡೆದರೆ ದೀಪಾವಳಿಗೆ ಮಳಿಗೆ ಬಿಡುವುದೇ ಗತಿ. ಯಾರೂ ಕುಳಿತಿರದ ಯಂತ್ರಗಳ ಪರದೆಯೂ ಸುಮ್ಮನೆ ಉರಿದು ಬ್ಯಾಟರಿ ತಿನ್ನುತ್ತಿತ್ತು. ಪರದೆ ತಾನೇ ಆರುವಂತೆ ಸೆಟ್ಟಿಂಗ್‌ನಲ್ಲಿ ಬದಲಿಸಿದರೆ ಗಿರಾಕಿಗಳು ಮತ್ತೆ ತಿರುಗಿಸಿಡುತ್ತಿದ್ದರು. ರದ್ದಿ ಅಂಗಡಿಯಿಂದ ತಂದ ಇಂಗ್ಲಿಷ್ ಕಂಪ್ಯೂಟರ್ ಪುಸ್ತಕವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ, ನಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಯಂತ್ರ ಶುರುವಾದ ಕೂಡಲೇ ಅದು ತಾನೇ ಓಡಬೇಕು. ಯಾರೂ ಮುಟ್ಟದೆ ಇಷ್ಟು ನಿಮಿಷವಾದರೆ ಪರದೆ ಆರಬೇಕು.

ಸೊನ್ನೆ

ಎಷ್ಟು ನಿಮಿಷ ಎಂಬುದನ್ನು ಅಂಕಿಯಲ್ಲಿ ಬರೆಯಬೇಕಿತ್ತು. ಒಂದು ನಿಮಿಷವಾದರೂ ಯಾಕೆ ದಂಡ ಎಂದು ಸೊನ್ನೆ ಬರೆದೆ. ಪರದೆಗಳು ಆರಲೇ ಇಲ್ಲ. ಬುತ್ತಿ ತಂದ ನಮ್ಮ ಯಜಮಾನರು, “ಯಾಕ, ನಿನ್ನ ಮಾತು ಕೇಳವಲ್ದೇನು?” ಎಂದರು. ಪುಸ್ತಕದ ಪುಟ ತಿರುವಿದೆ. ಸೊನ್ನೆ ಎಂದರೆ ‘ಎಂದೂ ಆರಿಸಬೇಡ’ ಎಂದಂತೆ.

“ಭಾಳ ಕೇಳ್ತದ. ಎಂದೂ ಆರಿಸಬ್ಯಾಡ ಅಂದೀನಿ, ಆರಿಸವಲ್ದು.”

“ನಾನೂ ಮನ್ಯಾಗ ಹಿಂಗೇ ಹೇಳಿದಷ್ಟೇ ಮಾಡ್ತೀನಿ. ಮತ್ತ ನನಗ್ಯಾಕ ಬೈತಿ?” ಎಂದು ಬುತ್ತಿ ಬಿಚ್ಚಿದರು.

ಸಗರದ ಅಜ್ಜಿ

ಸೊನ್ನೆ ಅಳಿಸಿ ಒಂದು ಬರೆದೆ. ಆ ಸಂಜೆ ಸಗರದ ಅಜ್ಜಿಯೊಬ್ಬಳು ಪಿಂಚಣಿ ಕೆಲಸಕ್ಕೆ ಬಂದಳು. ಊರು ಕೇಳಿದರೆ ವಂಶವೆಲ್ಲ ಹೇಳುತ್ತಿದ್ದಳು. ಅಷ್ಟರಲ್ಲಿ ಪರದೆ ಕಪ್ಪು. ನಾನು ಮೌಸ್ ಮುಟ್ಟಿದರೆ ಬೆಳಕು. ಸಂಜೆ ದೀಪ ಹತ್ತಿದರೆ ಕೈ ಮುಗಿಯುವುದು ನಮ್ಮ ಕಡೆಯ ರೂಢಿ. ಅಜ್ಜಿ ಪ್ರತಿ ಸಲವೂ ಚಪ್ಪಲಿ ಬಿಟ್ಟು, ಎದ್ದು ನಿಂತು ಕೈ ಮುಗಿದಳು.

“ಯವ್ವಾ, ಅದು ದೀಪ ಅಲ್ಲಬೇ, ಪರದಿ.”

“ಬೆಳಕು ಬಂತಿಲ್ಲೋ? ಮುಗಿಯೂ ಕೈ ನಂದು, ನಿನಗೇನ್ ಭಾರ?”

ಕೊನೆಗೆ ಬೆರಳಚ್ಚಿನ ಯಂತ್ರ ಮುಂದಿಟ್ಟರೆ ಜೋಡಿಸಿದ ಕೈ ಬಿಡಲೊಲ್ಲಳು. ಒಂದು ಹೆಬ್ಬೆರಳು ಬಿಡಿಸಿಕೊಳ್ಳಲು ನಾನೇ ಅವಳಿಗೆ ಕೈ ಮುಗಿಯಬೇಕಾಯಿತು.

ಯಾದಗಿರಿಯ ಕಚೇರಿ

ನನ್ನ ಪ್ರೋಗ್ರಾಂ ನೋಡಿ ಯಾದಗಿರಿಯ ಕಚೇರಿಯೊಂದರ ಗುಮಾಸ್ತರು ತಮ್ಮಲ್ಲಿಯೂ ಹಾಕಿಸಿಕೊಂಡರು. ವಾರದೊಳಗೆ ಓಡಿಬಂದರು.

“ಅಕ್ಕಾರ, ತಗೀರಿ ಅದನ್ನ. ಸಾಹೇಬ್ರು ಬಾಗಿಲದಾಗ ನಿಂತು ನೋಡ್ತಾರ. ಯಾರ ಪರದಿ ಕಪ್ಪಾಗೈತೋ ಅಂವ ಮಲಗ್ಯಾನ ಅಂತ ಗೊತ್ತಾಗಾಕತ್ತೈತಿ!”

“ಎಚ್ಚರ ಇರ್ರಿ, ಆಗ ಕಪ್ಪಾಗಂಗಿಲ್ಲ” ಎಂದೆ. ಕಚೇರಿಯವರೆಲ್ಲ ಬೇರೆ ಉಪಾಯ ಮಾಡಿದರು: ಊಟವಾದ ಮೇಲೆ ಮೌಸ್ ಕಾಲಡಿ ಇಟ್ಟುಕೊಂಡರು. ನಿದ್ದೆಯಲ್ಲಿ ಕಾಲು ಅಲ್ಲಾಡಿಸುವ ಚಟ ಒಬ್ಬರಿಗಷ್ಟೇ ಇತ್ತು. ಆ ಕಚೇರಿಯಲ್ಲಿ ದುಡಿಯುವವರು ಅವರೊಬ್ಬರೇ ಎಂದು ಸಾಹೇಬರು ಇಂದಿಗೂ ಹೊಗಳುತ್ತಾರಂತೆ.

ಬೋನಾಳದ ಲಗ್ನಪತ್ರಿಕೆ

ದೀಪಾವಳಿ ಹತ್ತಿರವಿತ್ತು. ಬೋನಾಳದ ಕಡೆಯ ಎರಡು ಮನೆಯವರು ಲಗ್ನಪತ್ರಿಕೆ ಬರೆಸಲು ಬಂದರು, ದೊಡ್ಡ ಕೆಲಸ. ಯಾವ ಹಿರಿಯರ ಹೆಸರು ಮೇಲೆ ಎಂದು ಜಗಳ ಹತ್ತಿತು. ಜಗಳ ಮುಗಿಯಲಿ ಎಂದು ಕೈಕಟ್ಟಿ ಕುಳಿತೆ. ಪರದೆ ಕಪ್ಪಾಯಿತು.

ಹುಡುಗಿಯ ಸೋದರಮಾವ ಎದ್ದ. “ಲಗ್ನದ ಮಾತು ನಡದಾಗ ಬೆಳಕು ಹೋತು. ಶಕುನ ಛಲೋ ಇಲ್ರಿ. ಬಸ್ ಸ್ಟ್ಯಾಂಡ್ ಕಡಿ ನಡೀರಿ.”

“ಆರಿಲ್ರೀ, ಮುಟ್ಟಿದ್ರ ಬರ್ತದ” ಎಂದು ಮೌಸ್ ಮುಟ್ಟಿ ತೋರಿಸಿದೆ.

ಹುಡುಗನ ಅಜ್ಜ ಗಡ್ಡ ಸವರಿಕೊಂಡು, “ಹಂಗಾದ್ರ ಮುಟ್ಕೋತ ಇರೂಣು. ಪತ್ರಿಕಿ ಮುಗಿಯೂತನ ನಂದಾದೀಪ ಹೋಗಬಾರ್ದು” ಎಂದು ಮೌಸ್ ತಾನೇ ಹಿಡಿದ. ಅವನು ಒತ್ತಿದಾಗಲೆಲ್ಲ ನಾನು ಬರೆಯುವ ಹೆಸರು ಎಲ್ಲೋ ಹೋಗಿ ಕೂಡುತ್ತಿತ್ತು. ಹುಡುಗನ ತಂದೆ ‘ನಮ್ಮ ಮಾಮನ ಮದುವಿಗೆ ತಪ್ಪದೆ ಬರ್ರಿ’ ಎನ್ನುವ ಚಿಣ್ಣರ ಸಾಲಿಗೆ ಸೇರಿಬಿಟ್ಟ.

ಅಷ್ಟರಲ್ಲಿ ನಿಜವಾಗಿಯೂ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಓಣಿ ಕತ್ತಲಾಯಿತು. ಉಳಿದ ಮೂರು ಪರದೆ ನನ್ನ ಪ್ರೋಗ್ರಾಂನಿಂದ ಮೊದಲೇ ಆರಿದ್ದವು. ಮುದಿ ಬ್ಯಾಟರಿ ಈ ಒಂದು ಪರದೆಯನ್ನೇ ಹೊತ್ತು, ಕೊನೆಯ ಹೆಸರು ಬರೆಯುವವರೆಗೂ ನಡೆಸಿತು. ನಾನು ಉಸಿರು ಬಿಡುವುದರೊಳಗೆ ಸೋದರಮಾವ ಎಲ್ಲರಿಗೂ ಸಾರಿದ: “ಅಜ್ಜ ಕೈ ಬಿಡಲಿಲ್ಲ, ಅದಕ್ಕ ಬೆಳಕು ಉಳೀತು!”

ಸುದ್ದಿ ವನದುರ್ಗದವರೆಗೂ ಹೋಯಿತು. ಪತ್ರಿಕೆ ಬರೆಸಲು ಬರುವವರೆಲ್ಲ ಮೌಸ್ ಹಿಡಿಯಲು ಒಬ್ಬ ಹಿರಿಯರನ್ನು ಕರೆತರತೊಡಗಿದರು. ಹೆಸರುಗಳು ಮತ್ತೆ ಚಿಣ್ಣರ ಸಾಲು ಸೇರತೊಡಗಿದವು. ಕೊನೆಗೆ ಕೆಟ್ಟುಹೋದ ಮೌಸ್ ಒಂದನ್ನು, ವೈರು ಎಲ್ಲಿಗೂ ಸಿಕ್ಕಿಸದೆ, ಹಿರಿಯರಿಗಾಗಿಯೇ ಮೇಜಿನ ಮೇಲಿಟ್ಟೆ. ಎಷ್ಟು ಲಗ್ನದ ಬೆಳಕನ್ನು ಅದು ಕಾಯಿತೋ!

ಈಗ ಪತ್ರಿಕೆ ಫೋನಿನಲ್ಲೇ ಆಗುತ್ತದೆ. ಒಂದು ಪರದೆಯ ಮುಂದೆ ಎರಡು ಮನೆಯವರು ಕೂಡಿ ಜಗಳಾಡುವುದಿಲ್ಲ, ಅದೊಂದು ಸಂಕಟ. ಮಳಿಗೆ ಈಗ ನನ್ನ ಹೆಸರಲ್ಲಿದೆ. ಯಂತ್ರ ಹತ್ತು, ದೊಡ್ಡ ಇನ್ವರ್ಟರ್ ಒಂದು. ಇಷ್ಟಕ್ಕೆ ತವರಿನವರು ಹಾಕಿದ ಬಂಗಾರದ ಬಳೆ ಹೋದವು, ಕಣ್ಣಿಗೆ ದಪ್ಪ ಕನ್ನಡಕ ಬಂತು. ಬಳೆ ಮತ್ತೆ ಮಾಡಿಸಿಲ್ಲ.