ನಮ್ಮವ್ವನಿಗೆ ಒಗ್ಗುವ ನಾಯಿ

ಪಶು ಆಸ್ಪತ್ರೆಯ ಕಾಂಪೌಂಡರನಿಗೆ ಸೂಜಿ ಚುಚ್ಚುವುದಕ್ಕಿಂತ ನಾಯಿ ಸಂಬಂಧ ಕುದುರಿಸುವ ಕೆಲಸವೇ ಹೆಚ್ಚು. ಮನೆಯಲ್ಲಿ ಜನ ಎಷ್ಟು, ಅಂಗಳ ಇದೆಯೋ, ಬಾಡು ಬೇಯುತ್ತದೋ ಎಂದೆಲ್ಲ ವಿಚಾರಿಸಿ ಕಲ್ಯಾಣದುರ್ಗದ ಅರ್ಧ ಊರಿಗೆ ನಾನೇ ನಾಯಿ ಗೊತ್ತು ಮಾಡಿಕೊಟ್ಟಿದ್ದೇನೆ. ಸೋತಿದ್ದು ನಮ್ಮ ಮನೆಯಲ್ಲೇ.

ಅಪ್ಪ ತೀರಿಹೋಗಿ ಆರು ತಿಂಗಳಾಗಿತ್ತು. ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತರೆ ಸಂಜೆಯವರೆಗೂ ಮಾತಿಲ್ಲ. ಊಟವೂ ಎರಡೇ ತುತ್ತು. ನನಗೆ ಭಯವಾಗತೊಡಗಿತ್ತು. ನಾಯಿಯೊಂದಿದ್ದರೆ ಬೈಯುವುದಕ್ಕಾದರೂ ಬಾಯಿ ಬಿಟ್ಟಾಳು ಅಂದುಕೊಂಡೆ.

೧. ಬಿಳಿಯದು

ಆಗ ಎಲ್ಲರಿಗೂ ಪಾಮೇರಿಯನ್ ಹುಚ್ಚು. ಹಿಂದೂಪುರದ ಹುಣಸೆಹಣ್ಣಿನ ಮಂಡಿ ಸಾಹುಕಾರರ ಮನೆಯಿಂದ ಒಂದು ಮರಿ ತಂದೆ. ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದನ್ನು ಕಂಡ ಬಸ್ ಕಂಡಕ್ಟರ್, ಪಾಪುವಿಗೆ ಎಷ್ಟು ತಿಂಗಳು ಎಂದು ತೆಲುಗಿನಲ್ಲಿ ಕೇಳಿದ.

ಅವ್ವ ವಾರ ನೋಡಿದಳು. ಆಮೇಲೆ ಅಂದಳು: "ಮುದ್ದೆ ಮುಟ್ಟಾಕಿಲ್ಲ, ದಿನಾ ತಲೆ ಬಾಚ್ಬೇಕು. ಹಿಂದೂಪುರದ ಸೊಸೆ ಒಬ್ಳು ಸಾಕು ಕಣಪ್ಪ."

ಒಳಗೆ ನನ್ನ ಹೆಂಡತಿ ಪಾತ್ರೆ ಕುಕ್ಕಿದ ಸದ್ದಿಗೆ ಮರಿ ಮಂಚದಡಿ ಸೇರಿತು.

೨. ಹದಿನೆಂಟು ಉಗುರಿನದು

ಸೆಟ್ಟೂರಿನ ಕುರಿಗಾಹಿಯೊಬ್ಬ ತನ್ನ ನಾಯಿ ಕೊಟ್ಟ. "ಹದ್ನೆಂಟು ಉಗುರೈತೆ ಸಾ, ಲಕ್ಷಣದ್ದು, ಎಣಿಸ್ಕಳಿ," ಅಂದ. ಹದಿನೇಳರವರೆಗೆ ಎಣಿಸಿದೆ. ಹದಿನೆಂಟನೆಯದರ ಗೀರು ನನ್ನ ಬೆರಳಿನ ಮೇಲೇ ಮೂಡಿತು.

ಹುಟ್ಟಿದಾಗಿನಿಂದ ಕುರಿಯ ಹಿಂದೆ ಬೆಳೆದದ್ದು. ಮೊದಲ ದಿನ ಪಕ್ಕದ ಮನೆಯ ಕೋಳಿಗಳನ್ನೆಲ್ಲ ಮೂಲೆಗೆ ಕೂಡಿತು. ಮರುದಿನ ಅವ್ವ ಅಪರೂಪಕ್ಕೆ ಗುಡಿಗೆ ಹೊರಟರೆ ಬಾಗಿಲಿಗೆ ಅಡ್ಡ ನಿಂತು, ತಲೆಯಿಂದ ನೂಕಿ ನೂಕಿ ಮತ್ತೆ ಅದೇ ಕಂಬಕ್ಕೆ ತಂದು ಬಿಟ್ಟಿತು. ನನಗೆ ಅಳು ಬರುವುದೊಂದು ಬಾಕಿ.

ಅವ್ವ ಹೇಳಿದಳು: "ಹಟ್ಟಿಗೆ ಕೂಡಿದ್ದಾಯ್ತು. ಇನ್ನು ಉಣ್ಣೆ ಕತ್ತರಿಸೋದೊಂದು ಉಳಿದೈತೆ ಕಣಪ್ಪ."

೩. ಮಂಡಿಯದು

ಎರಡೂ ನಾಯಿ ವಾಪಸು ಹೋದ ಮೇಲೆ ಹಿಂದೂಪುರದ ಸಾಹುಕಾರರೇ ಫೋನ್ ಮಾಡಿದರು. ಮಂಡಿ ಕಾಯಲು ಇಟ್ಟುಕೊಂಡಿದ್ದ ನಾಯಿ ಕಳ್ಳ ಬಂದರೂ ಏಳುವುದಿಲ್ಲವಂತೆ, ಯಾರಿಗಾದರೂ ದಾಟಿಸಬೇಕಂತೆ. ಮನೆಗೆ ತಂದು, ಈ ಸಲ ಅವ್ವನಿಗೆ ಮೊದಲೇ ಹೇಳಿಬಿಟ್ಟೆ.

"ಇದು ನಮ್ಗಲ್ಲವ್ವ. ಕೂಗಿದ್ರೆ ಬರಾಕಿಲ್ಲ. ಹಗಲೆಲ್ಲ ಗೊರಕೆ. ಸಾರಿನ ವಾಸ್ನೆ ಬಂದ್ರೆ ಮಾತ್ರ ಏಳ್ತದೆ. ನಾಕು ದಿನ ಇರ್ಲಿ, ಬೇರೆ ಮನೆ ನೋಡ್ತೀನಿ."

ನಾಯಿ ಹೋಗಿ ಪಡಸಾಲೆಯಲ್ಲಿ ಅಪ್ಪ ಮಲಗುತ್ತಿದ್ದ ಜಾಗದಲ್ಲೇ ಬಿದ್ದುಕೊಂಡಿತು. ಅವ್ವ ಮೂರು ಸಲ ಕೂಗಿದಳು. ಕಿವಿಯೂ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು.

ಅವ್ವ ಎದ್ದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಎರಡು ಮುದ್ದೆ ಇದ್ದವು, ಒಂದು ಅದಕ್ಕೆ, ಒಂದು ತನಗೆ.

"ಯಾವ ಕೆಲ್ಸಕ್ಕೂ ಬರಾಕಿಲ್ಲ ಕಣವ್ವ ಅದು," ಅಂದೆ.

"ಇರ್ಲಿ ಬಿಡಪ್ಪ," ಅಂದಳು. "ನಲವತ್ತು ವರ್ಸ ಇಂಥದ್ನೇ ಒಂದು ಸಾಕಿದ್ದೆ. ನಂಗೆ ಅಭ್ಯಾಸ ಐತೆ."