ರೊಟ್ಟಿ ಸಪ್ಪಳ ಮೀರಿಸುವ ಪೆಟ್ಟಿಗೆ

ಕೆಲವರು ಏನು ಮಾಡಿದರೂ ಅವರ ಮರ್ಯಾದೆಗೆ ಧಕ್ಕೆ ಬರುವುದಿಲ್ಲ. ನನಗೆ ಆ ಯೋಗವಿಲ್ಲ. ನಾನು ಏನನ್ನಾದರೂ ಕೊಳ್ಳಲು ಹೊರಟರೆ ಸಾಕು, ಆ ವಸ್ತುವಿಗಿಂತ ಮೊದಲೇ ಒಂದು ಫಜೀತಿ ಮನೆಗೆ ಬಂದು ಕೂತಿರುತ್ತದೆ. ನನ್ನ ಮೌತ್ ಆರ್ಗನ್ನಿಗೆ ಸಣ್ಣದಾದ, ಸೋವಿಯಾದ ಒಂದು ಆಂಪ್ಲಿಫೈಯರ್ ಹುಡುಕಿದ್ದೂ ಹಾಗೆಯೇ ಆಯಿತು.

ಟಂಟಂ

ನಾನು ಹುಣಸಗಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮನೆ ಸುರಪುರದ ಪಕ್ಕ ರಂಗಂಪೇಟೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂಜೆ ಮುಖ ತೊಳೆದು, ಚಹಾ ಕುಡಿದು ಮೌತ್ ಆರ್ಗನ್ ಹಿಡಿದೆನೆಂದರೆ ನನ್ನ ಮಟ್ಟಿಗೆ ನಾನು ದೊಡ್ಡ ಕಲಾವಿದ.

ನನಗೆ ಬರುವುದು ಹಳೆ ಸಿನಿಮಾದ ಕೆಲವೇ ಹಾಡು. ಅದರಲ್ಲಿ ಒಂದನ್ನು ಮದುವೆ ನಿಶ್ಚಯವಾದಾಗ ಹೆಂಡತಿಗಾಗಿ ಅಂತಲೇ ಕಲಿತಿದ್ದೆ. ನಮ್ಮ ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದಳು, ಹೆಂಡತಿ ಮಾತ್ರ ಆ ಹಾಡನ್ನು ಇನ್ನೂ ಪೂರ್ತಿ ಕೇಳಿಲ್ಲ. ಪಲ್ಲವಿ ಮುಗಿಯುವುದರೊಳಗೆ ಆಕೆಗೆ ಒಲೆ ನೆನಪಾಗುತ್ತದೆ. ಒಳಗೆ ಹೋಗಿ ಜೋಳದ ರೊಟ್ಟಿ ಬಡಿಯತೊಡಗಿದಳೆಂದರೆ ಆ ಸಪ್ಪಳದ ಮುಂದೆ ನನ್ನ ಬಾಜಾ ಯಾವ ಲೆಕ್ಕ.

ಒಂದು ಸಂಜೆ ಹಟ ಹಿಡಿದು ಇಡೀ ಹಾಡು ನುಡಿಸಿ, ಅಡುಗೆಮನೆ ಬಾಗಿಲಿಗೆ ಹೋಗಿ, ಹೇಗಿತ್ತು ಅಂತ ಕೇಳಿದೆ.

“ನುಡಿಸಿದ್ದು ನೀವೇನ್ರಿ? ಹೊರಗ ಯಾವುದೋ ಟಂಟಂ ಆಟೋ ಹಾರ್ನ್ ಹೊಡಿಯಾಕತ್ತದ ಅಂತ ನಾ ಕಿಡಕಿ ಹಾಕ್ಕೊಂಡೆ,” ಅಂದಳು.

ಬೇರೆಯವರಾಗಿದ್ದರೆ ಬಾಜಾ ಬಿಟ್ಟುಬಿಡುತ್ತಿದ್ದರು. ನಾನು ಗಣಿತದವನು, ತರ್ಕ ಹಾಕಿದೆ. ನುಡಿಸುವುದರಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ, ತಪ್ಪೆಲ್ಲ ಸಪ್ಪಳದ್ದು. ಸಪ್ಪಳ ಹೆಚ್ಚಿಸಿದರೆ ಪ್ರೀತಿಯೂ ಹೆಚ್ಚುತ್ತದೆ ಎಂದು ಉತ್ತರ ಬಂತು.

ಎಷ್ಟು ಊರಿಗೆ ಕೇಳಬೇಕು

ಮೊದಲು ಹೋಗಿದ್ದು ಶಹಾಪುರದ ಮೈಕ್ ಸೆಟ್ ಅಂಗಡಿಗೆ. ಮದುವೆ, ಪುರಾಣ, ಎಲೆಕ್ಷನ್ ಎಲ್ಲಕ್ಕೂ ಬಾಡಿಗೆ ಕೊಡುವ ಅಂಗಡಿ ಅದು. ಆಂಪ್ಲಿಫೈಯರ್ ಬೇಕು ಅಂದಕೂಡಲೇ ಮಾಲೀಕರು ಕುರ್ಚಿ ಹಾಕಿಸಿ, ಚಹಾ ತರಿಸಿ, ಎಷ್ಟು ಊರಿಗೆ ಕೇಳಬೇಕು ಅಂತ ವಿಚಾರಿಸಿದರು.

ಅಷ್ಟೆಲ್ಲ ಬೇಡ, ಸಣ್ಣದು ಸಾಕು ಅಂದೆ. ಅವರು ತೋರಿಸಿದ ಸಣ್ಣದನ್ನು ಎತ್ತಲು ಇಬ್ಬರು ಬೇಕಿತ್ತು. ಇದಕ್ಕಿಂತ ಸಣ್ಣದು ಅಂದೆ. ಇನ್ನೊಂದು ತೆಗೆದರು, ಅದಕ್ಕೆ ನಾಲ್ಕು ಹಾರ್ನು. ಅದರಲ್ಲಿ ಒಮ್ಮೆ ಊದಿದರೆ ಪಕ್ಕದೂರು ಭೀಮರಾಯನಗುಡಿಯವರು ಎದ್ದು ಕೂಡುತ್ತಾರೆ ಅಂತ ಭರವಸೆಯನ್ನೂ ಕೊಟ್ಟರು. ಕೊನೆಗೆ ನಾಚಿಕೆ ಬಿಟ್ಟು ನಿಜ ಹೇಳಿದೆ. ಕೇಳಬೇಕಾದವರು ಒಬ್ಬರೇ, ನನ್ನ ಹೆಂಡತಿ, ಅಡುಗೆಮನೆಯಲ್ಲಿ ಇರುತ್ತಾಳೆ ಅಂತ.

ಅವರು ಚಹಾ ಕಪ್ಪು ಕೆಳಗಿಟ್ಟು ನನ್ನನ್ನು ಒಂದು ಗಳಿಗೆ ನೋಡಿದರು.

“ಸರ್, ಅಡಗಿಮನಿಗಿ ಕೇಳಬೇಕಂದ್ರ ಮೈಕ್ ಯಾಕ್ರಿ, ಅಡಗಿಮನ್ಯಾಗ ಕುಂತು ನುಡಸ್ರಿ.”

ಇದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಮರುದಿನ ಹೋಗಿ ಕೂತೆ. ಕೂತವನ ಕೈಗೆ ಬೆಳ್ಳುಳ್ಳಿ ಬಂತು. ಸುಲಿದು ಎದ್ದೆ.

ಬಿಸಿ ಅದ

ಮುಂದಿನ ಸವಾರಿ ಯಾದಗಿರಿಗೆ. ಅಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುತ್ತ ಹಳೆ ವಾದ್ಯದ ಸಾಮಾನೂ ಮಾರುವ ಒಬ್ಬ ಚಾಚಾ ಇದ್ದಾರೆ. ಅವರ ಹತ್ತಿರ ಗಿಟಾರಿನವರು ಮನೆಯಲ್ಲಿ ಅಭ್ಯಾಸಕ್ಕೆ ಬಳಸುವ ಪುಟ್ಟ ಆಂಪ್ಲಿಫೈಯರ್ ಒಂದಿತ್ತು. ನೋಡಲು ಮುದ್ದಾಗಿತ್ತು, ಬೆಲೆಯೂ ನನ್ನ ಕೈಗೆಟುಕುವಂತಿತ್ತು. ಚಾಚಾ ಮೈಕ್ ಕೊಟ್ಟು, ವಾಯರ್ ಹುಡುಕಲು ಒಳಗೆ ಹೋದರು.

ಮೊಬೈಲಿನಲ್ಲಿ ನೋಡಿದ್ದೆ, ದೊಡ್ಡ ದೊಡ್ಡ ವಾದಕರು ಮೈಕು ಮತ್ತು ಮೌತ್ ಆರ್ಗನ್ ಎರಡನ್ನೂ ಒಟ್ಟಿಗೆ ಬೊಗಸೆಯಲ್ಲಿ ಮುಚ್ಚಿ ಹಿಡಿದು ನುಡಿಸುತ್ತಾರೆ. ನಾನೂ ಹಾಗೇ ಹಿಡಿದೆ. ಅಂಗಡಿಯಲ್ಲಿ ಜನ ಇದ್ದುದರಿಂದ ಊದಲಿಲ್ಲ. ಕಣ್ಣು ಮುಚ್ಚಿ, ತುಟಿಗೆ ಒತ್ತಿ, ಎಡಕ್ಕೂ ಬಲಕ್ಕೂ ಆಡಿಸಿ ಬರೀ ಹಿಡಿತದ ಅಭ್ಯಾಸ ಮಾಡಿದೆ. ರೇಡಿಯೋ ರಿಪೇರಿಗೆ ಕೊಟ್ಟು ಕಾಯುತ್ತಿದ್ದ ಅಜ್ಜಿಯೊಬ್ಬರು ನನ್ನನ್ನೇ ನೋಡುತ್ತಿದ್ದರು.

“ಮೆಕ್ಕೆಜೋಳದ ತೆನಿ ಬಿಸಿ ಇರಬೇಕು ತಮ್ಮಾ, ಆರಿಸಿಕೊಂಡು ತಿನ್ನು,” ಅಂದರು.

ನಾನು ತಿಳಿಸಿ ಹೇಳುವಷ್ಟರಲ್ಲಿ ಚಾಚಾ ಬಂದು ವಾಯರ್ ಚುಚ್ಚಿ ಸ್ವಿಚ್ ಒತ್ತಿದರು. ಮೈಕು ಪೆಟ್ಟಿಗೆಯ ಬಾಯಿಗೇ ಹತ್ತಿರವಿತ್ತು. ಕೀಂ ಅಂತ ಎಂಥ ಕೂಗು ಎದ್ದಿತೆಂದರೆ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಮೌತ್ ಆರ್ಗನ್ ನನ್ನ ಕೈಯಿಂದ ಹಾರಿ ಬಿತ್ತು. ಇದು ಗಿಟಾರಿಗೆ ಮಾಡಿದ್ದು, ಮೈಕಿಗೆ ಹೊಂದುವುದಿಲ್ಲ ಅಂತ ಚಾಚಾ ಸಮಾಧಾನ ಹೇಳುತ್ತಿದ್ದರೆ ಅಜ್ಜಿ ತಲೆ ಆಡಿಸಿದರು.

“ನಾ ಮೊದಲಽ ಹೇಳಿದ್ನಿಲ್ಲೋ, ಬಿಸಿ ಅದ ಅಂತ.”

ದಮ್ಮು

ನಮ್ಮ ಶಾಲೆಯ ಸಮಾಜ ವಿಜ್ಞಾನದ ಮಾಸ್ತರರಿಗೆ ಗಂಟಲು ಸೂಕ್ಷ್ಮ. ಅವರು ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಪುಟ್ಟ ಪೆಟ್ಟಿಗೆ, ಕಿವಿಗೆ ಸಿಕ್ಕಿಸುವ ಮೈಕು ಹಾಕಿಕೊಂಡು ಪಾಠ ಮಾಡುತ್ತಾರೆ. ಇದಕ್ಕಿಂತ ಸಣ್ಣದು, ಸೋವಿಯದು ಇನ್ನೊಂದು ಸಿಗಲಾರದು ಅನ್ನಿಸಿ, ಒಂದು ಭಾನುವಾರದ ಮಟ್ಟಿಗೆ ಕೇಳಿ ತಂದೆ.

ಅಂಗಳದಲ್ಲಿ ಕೂತು ಕಟ್ಟಿಕೊಂಡು ಶುರು ಮಾಡಿದೆ. ಮೈಕು ಮೂಗಿನ ಕೆಳಗೇ ಇತ್ತು. ಮೌತ್ ಆರ್ಗನ್ನಿನಲ್ಲಿ ಊದುವುದೂ ಉಂಟು, ಉಸಿರು ಎಳೆಯುವುದೂ ಉಂಟು. ಪೆಟ್ಟಿಗೆ ಹಾಡನ್ನು ಬಿಟ್ಟು ಉಸಿರನ್ನಷ್ಟೇ ಹಿಡಿಯಿತು. ನಾನು ಮೈಮರೆತು ನುಡಿಸುತ್ತಿದ್ದರೆ ಪಕ್ಕದ ಮನೆಯವರು ಗಾಬರಿಯಾಗಿ ಗಾಡಿಯ ಕೀಲಿಕೈ ಹಿಡಿದುಕೊಂಡೇ ಬಂದರು. ನಿಮ್ಮಲ್ಲಿ ಯಾರಿಗೋ ದಮ್ಮು ಜೋರಾಗಿದೆ, ನಡೀರಿ ದವಾಖಾನೆಗೆ ಹೋಗೋಣ ಅಂದರು.

ನನ್ನ ಹೆಂಡತಿ ಒಳಗಿನಿಂದ ಬಂದು ಅವರಿಗೆ ನೀರು ಕೊಟ್ಟು ಕೂಡಿಸಿದಳು.

“ದಮ್ಮಲ್ರಿ ಅಣ್ಣಾರ, ಖಯಾಲಿ. ಅದಕ್ಕ ಯಾವ ದವಾಖಾನ್ಯಾಗೂ ಔಷಧ ಇಲ್ಲ.”

ಪಕ್ಷಾಂತರ

ಕೊನೆಗೆ ಸಿಕ್ಕಿದ್ದು ಸುರಪುರದಲ್ಲೇ, ನಾನು ದಿನಾ ಬಸ್ಸಿಗೆ ಕಾಯುವ ಜಾಗದ ಎದುರಿನ ಮೊಬೈಲ್ ಅಂಗಡಿಯಲ್ಲಿ. ಒಂದು ಮೈಕು, ಬಣ್ಣದ ಲೈಟು, ಬ್ಲೂಟೂತ್ ಎಲ್ಲ ಇದ್ದ ಡಬ್ಬಿ. ಊದಿ ನೋಡಿದೆ. ಚೀರಲಿಲ್ಲ, ಏದುಸಿರು ಬಿಡಲಿಲ್ಲ. ನನ್ನ ಹಾಡು ನನಗೇ ಮೊದಲ ಸಲ ಹಾಡಿನ ಹಾಗೆ ಕೇಳಿಸಿತು. ಖುಷಿಯಲ್ಲಿ ಚೌಕಾಸಿ ಮಾಡುವುದನ್ನೂ ಮರೆತು ತಂದೆ.

ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮೊಬೈಲಿನ ಪ್ರವಚನ ಇದರಲ್ಲಿ ಕೇಳಿಸುತ್ತದೇನು ಅಂತ ಕೇಳಿದಳು. ಮಗಳು ಎರಡನ್ನೂ ಬ್ಲೂಟೂತಿನಲ್ಲಿ ಜೋಡಿಸಿಕೊಟ್ಟಳು. ಅವತ್ತಿನಿಂದ ಡಬ್ಬಿಯ ಜಾಗ ಅಡುಗೆಮನೆಯ ಹಲಗೆ. ಹೆಂಡತಿಯ ಮೊಬೈಲು ಹತ್ತಿರ ಬಂದರೆ ಸಾಕು, ಡಬ್ಬಿಯೊಳಗಿನ ಯಾರೋ ಹೆಂಗಸು “ಕನೆಕ್ಟೆಡ್” ಅನ್ನುತ್ತಿದ್ದಳು. ಆಮೇಲೆ ಸ್ವಾಮಿಗಳ ಪ್ರವಚನ, ಜೊತೆಗೆ ರೊಟ್ಟಿ ಬಡಿತ. ರೊಟ್ಟಿ ಸಪ್ಪಳ ಮೀರಿಸಲಿ ಅಂತ ತಂದ ಪೆಟ್ಟಿಗೆ ರೊಟ್ಟಿಯ ಪಾರ್ಟಿಗೇ ಸೇರಿಬಿಟ್ಟಿತು.

ಬೀಳ್ಕೊಡುಗೆ

ಇಷ್ಟರಲ್ಲಿ ನಮ್ಮ ಹೆಡ್‌ಮಾಸ್ತರರ ನಿವೃತ್ತಿ ಬಂತು. ಬೀಳ್ಕೊಡುಗೆಗೆ ಒಂದು ಹಾಡು ನುಡಿಸುತ್ತೇನೆ ಅಂತ ನಾನೇ ಹೆಸರು ಕೊಟ್ಟೆ. ಸಿಬ್ಬಂದಿಯ ಮನೆಯವರೆಲ್ಲ ಬರಬೇಕೆಂದು ಕರೆದಿದ್ದರು. ನನಗೆ ಬೇಕಾಗಿದ್ದೂ ಅದೇ. ಸಭೆಯಲ್ಲಿ ಮುಂದೆ ಕೂತವಳಿಗೆ ಎದ್ದು ಹೋಗಲು ಅಲ್ಲಿ ಒಲೆ ಇರುವುದಿಲ್ಲ. ಇವತ್ತಾದರೂ ಪೂರ್ತಿ ಕೇಳಲೇಬೇಕು.

ಶಾಲೆಯ ಮೈಕು ಸ್ವಾಗತ ಭಾಷಣಕ್ಕೇ ಕೈ ಕೊಟ್ಟಿತು. ನನ್ನ ಹಾಡಿಗೆಂದು ಮನೆಯಿಂದ ತಂದಿದ್ದ ಡಬ್ಬಿಯೇ ಮರ್ಯಾದೆ ಕಾಪಾಡಬೇಕಾಯಿತು. ಸ್ವಿಚ್ ಹಾಕಿದಾಗ ಅದು “ಕನೆಕ್ಟೆಡ್” ಅಂದಿತು. ಮೈಕು ಸರಿಯಾಗಿ ಕೂತಿದೆ ಅಂತ ಹೇಳುತ್ತಿದೆಯೆಂದು ನಾನು ಸಮಾಧಾನಪಟ್ಟೆ.

ಭಾಷಣದ ಮೇಲೆ ಭಾಷಣ ನಡೆಯಿತು. ಶಾಲು, ಹಾರ, ಮತ್ತೆ ಭಾಷಣ. ಹಿಂದಿನ ಶೆಡ್ಡಿನಿಂದ ಗೋಧಿ ಹುಗ್ಗಿಯ ವಾಸನೆ ಬರತೊಡಗಿ ಜನ ಕುರ್ಚಿಯ ತುದಿಗೆ ಬಂದಿದ್ದರು. ಹುಣಸಗಿಯಲ್ಲೇ ಮನೆ ಮಾಡಿರುವ ನನ್ನ ಹೆಂಡತಿಯ ತಂಗಿ ಅಲ್ಲಿ ಊಟದ ಉಸ್ತುವಾರಿ ಹೊತ್ತಿದ್ದಳು. ಊಟಕ್ಕೆ ಮೊದಲಿನ ಕೊನೆಯ ಕಾರ್ಯಕ್ರಮ ನನ್ನದು.

ಹೆಂಡತಿಗಾಗಿ ಕಲಿತ ಹಾಡನ್ನೇ ಎತ್ತಿಕೊಂಡೆ. ಪಲ್ಲವಿ ಮುಗಿಯಿತು. ಆಕೆ ಮುಂದಿನ ಸಾಲಿನಲ್ಲಿ ಕೂತೇ ಇದ್ದಳು. ನನ್ನ ಎದೆ ಉಬ್ಬಿತು, ಕಣ್ಣೂ ಸ್ವಲ್ಪ ತುಂಬಿತು. ಚರಣಕ್ಕೆ ಬಂದೆ. ಆಕೆ ಚೀಲದಿಂದ ಮೊಬೈಲು ತೆಗೆದು, ಬಂದಿದ್ದ ವಾಯ್ಸ್ ಮೆಸೇಜನ್ನು ಒತ್ತಿ, ಯಾರಿಗೂ ಕೇಳಿಸಬಾರದೆಂದು ಕಿವಿಗೆ ಹಿಡಿದಳು.

ಅದು ಆಕೆಯ ಕಿವಿಗೆ ಬರಲಿಲ್ಲ. ನನ್ನ ಡಬ್ಬಿಯಿಂದ ಬಂತು, ಇಡೀ ಸಭೆಗೆ, ತಂಗಿಯ ದನಿಯಲ್ಲಿ.

“ಅಕ್ಕಾ, ಹುಗ್ಗಿ ಆರಾಕತ್ತದ. ಮಾವಂದು ಮುಗಿಯೋತನಕ ಕಾಯೋದು ಬ್ಯಾಡ, ಎಲ್ಲಾರ್ನೂ ಎಬ್ಬಿಸಿ ಕಳಸು.”

ಬೆಳಗಿನಿಂದ ಆ ಡಬ್ಬಿ ಹೇಳಿದ್ದನ್ನೆಲ್ಲ ಕೇಳುತ್ತಿದ್ದ ಜನ ಇದನ್ನೂ ಕೇಳಿದರು. ಮೊದಲು ಎದ್ದವರು ಹೆಡ್‌ಮಾಸ್ತರರೇ, ಹಾರ ಶಾಲು ಸಮೇತ. ಹೋಗುವಾಗ ಬಹಳ ಚೆನ್ನಾಗಿತ್ತು ಅಂತ ನನ್ನ ಬೆನ್ನು ತಟ್ಟಿದರು. ನೋಡನೋಡುತ್ತಿದ್ದಂತೆ ಖಾಲಿ ಕುರ್ಚಿಗಳಷ್ಟೇ ಉಳಿದವು. ನಾನು ಬಾಜಾ ತುಟಿಯಿಂದ ತೆಗೆದರೆ ಮುಖ ಎಲ್ಲಿಡುವುದು ಅಂತ ತಿಳಿಯದೆ ನುಡಿಸುತ್ತಲೇ ಇದ್ದೆ.

ಒಬ್ಬಳು ಮಾತ್ರ ಎದ್ದಿರಲಿಲ್ಲ. ಮುಂದಿನ ಸಾಲಿನಲ್ಲಿ, ಚೀಲ ಅವಚಿಕೊಂಡು, ತಲೆ ತಗ್ಗಿಸಿ ಕೂತಿದ್ದಳು. ಹಾಡು ಮುಗಿಯುವವರೆಗೂ ಹಾಗೇ ಇದ್ದಳು. ನಾನು ಇಳಿದು ಹೋಗಿ ಪಕ್ಕದಲ್ಲಿ ಕೂತೆ.

“ಪೂರಾ ಕೇಳ್ದಿ ನೋಡು,” ಅಂದೆ.

“ಕೇಳ್ದೆ ಬಿಡ್ರಿ. ಛಲೋ ನುಡಸ್ತೀರಿ,” ಅಂದಳು. ಇಷ್ಟು ವರ್ಷ ಕಾದ ಮಾತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಊಟದ ಶೆಡ್ಡಿನಲ್ಲಿ ನಗುತ್ತಿದ್ದ ಜನರತ್ತ ಒಮ್ಮೆ ಇಣುಕಿ ನೋಡಿ, ನಾಚಿ ಮತ್ತೆ ತಲೆ ತಗ್ಗಿಸಿದಳು.

“ಇನ್ನೊಂದು ನುಡಸ್ರಿ. ಅವರೆಲ್ಲಾ ಉಂಡು ಹೋಗ್ಲಿ.”